ಮೊದಲು ಮಗು ಹುಡುಕಬೇಡಿ: ಹೊರದೇಶದಲ್ಲಿರುವ ನಮ್ಮವರಿಗೆ ದತ್ತು ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆ ಈಗ ಹೊರದೇಶದಲ್ಲಿ ಯಾರೂ ಇಲ್ಲದ ಮನೆ ಕಡಿಮೆ. ಮಗ ಅಮೆರಿಕದಲ್ಲಿ, ಮಗಳು ಆಸ್ಟ್ರೇಲಿಯಾದಲ್ಲಿ, ತಂಗಿಯ ಗಂಡ ದುಬೈನಲ್ಲಿ. ಇವರಲ್ಲಿ ಕೆಲವರಿಗೆ ಮಕ್ಕಳಾಗಿರುವುದಿಲ್ಲ. ವರ್ಷಗಟ್ಟಲೆ ಆಸ್ಪತ್ರೆ ಸುತ್ತಿ, ಕೊನೆಗೆ "ದತ್ತು ತಗೊಳ್ಳೋಣ, ಅದೂ ನಮ್ಮ ದೇಶದ ಮಗುವನ್ನೇ" ಅಂತ ಗಟ್ಟಿ ಮನಸ್ಸು ಮಾಡುತ್ತಾರೆ. ಫೋನ್ ಬಂದ ಮಾರನೇ ದಿನವೇ ಇಲ್ಲಿನ ಅಪ್ಪ ಅಮ್ಮ ಮಗು ಹುಡುಕಲು ಹೊರಡುತ್ತಾರೆ. ತಪ್ಪುವುದು ಅಲ್ಲೇ.

ಹಾಸನದಲ್ಲಿ ಇಂಥ ಕುಟುಂಬಗಳಿಗೆ ಕಾಗದಪತ್ರದಲ್ಲಿ ಕೈಜೋಡಿಸುತ್ತಾ ಬಂದಿದ್ದೇನೆ. ನನ್ನ ಹತ್ತಿರ ಬರುವ ಕಷ್ಟದ ಫೈಲುಗಳೆಲ್ಲ ಬಹುತೇಕ ಒಂದೇ ಥರ ಇರುತ್ತವೆ. ಮಗು ಸಿಕ್ಕಾಗಿದೆ, ಶಾಸ್ತ್ರ ಆಗಿದೆ, ದತ್ತಕ ಪತ್ರ ರಿಜಿಸ್ಟರ್ ಆಗಿದೆ, ಊಟವೂ ಹಾಕಿಸಿದ್ದಾರೆ. ವೀಸಾ ಮಾತ್ರ ಆಗುತ್ತಿಲ್ಲ. ಮಗು ಅಜ್ಜಿ ಹತ್ತಿರ ಇಲ್ಲಿ, ಅಪ್ಪ ಅಮ್ಮ ವಿಡಿಯೋ ಕಾಲ್‌ನಲ್ಲಿ ಅಲ್ಲಿ. ಸಕಲೇಶಪುರದ ಕಡೆ ಒಂದು ಮನೆಯಲ್ಲಿ ನೋಡಿದ್ದೇನೆ. ಆ ಹುಡುಗಿ ಫೋನಿನೊಳಗಿನ ಮುಖಕ್ಕೆ "ಅಮ್ಮ" ಅನ್ನುತ್ತಾಳೆ, ಹಸಿವಾದರೆ ಅಜ್ಜಿಯ ಸೆರಗು ಎಳೆಯುತ್ತಾಳೆ. ಇದು ಯಾರಿಗೂ ಬರಬಾರದು. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ದತ್ತು ಆಗುವುದು ಭಾರತದಲ್ಲಿ, ಮಗು ಬೆಳೆಯುವುದು ಇನ್ನೊಂದು ದೇಶದಲ್ಲಿ. ಹಾಗಾಗಿ ಎರಡೂ ದೇಶ ಒಪ್ಪಬೇಕು. ಮಗು ಹೋಗಿ ಸೇರುವ ದೇಶದ ಒಪ್ಪಿಗೆ ಮೊದಲು, ಮಗು ಆಮೇಲೆ. ದೇಶದಿಂದ ದೇಶಕ್ಕೆ ಆಗುವ ದತ್ತುವಿನ ಬಗ್ಗೆ ಹಲವು ದೇಶಗಳು ಸೇರಿ ಮಾಡಿಕೊಂಡ 1993ರ ಹೇಗ್ ಒಪ್ಪಂದದ ತಿರುಳೂ ಇದೇ. ಭಾರತ ಅದನ್ನು 2003ರಲ್ಲಿ ಒಪ್ಪಿಕೊಂಡಿದೆ. ನಮ್ಮ ಕಡೆಯಿಂದ ಇದನ್ನೆಲ್ಲ ನೋಡಿಕೊಳ್ಳುವುದು ದೆಹಲಿಯಲ್ಲಿರುವ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ಎಲ್ಲರೂ ಕಾರಾ ಅಂತಲೇ ಕರೆಯುತ್ತಾರೆ. ಅದು ನಡೆಯುವುದು 2015ರ ಬಾಲನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಗಳ ಮೇಲೆ.

ಹೆಜ್ಜೆ 1: "ಯಾರೋ ಕೊಡ್ತಾರಂತೆ" ಅನ್ನುವ ಮಾತಿಗೆ ಕಿವಿಗೊಡಬೇಡಿ

ನಮ್ಮ ಕಡೆ ಈ ಮಾತು ಹೇಗೆ ಬರುತ್ತದೆ ಅಂತ ಗೊತ್ತಿದೆ ಅಲ್ವಾ? "ತೋಟದ ಲೈನ್ ಮನೇಲಿ ಒಬ್ಬಳಿಗೆ ನಾಲ್ಕನೇದೂ ಹೆಣ್ಣಂತೆ, ಸಾಕೋಕಾಗಲ್ವಂತೆ, ಕೇಳಿ ನೋಡೋಣ." ಇಲ್ಲವೇ "ಆಸ್ಪತ್ರೇಲಿ ಮದುವೆಯಾಗದ ಹುಡುಗಿ ಹೆತ್ತಿದ್ದಾಳೆ, ಸಿಸ್ಟರ್ ಗೊತ್ತು, ಕೊಡಿಸ್ತಾರೆ." ಹೇಳುವವರು ಕೆಟ್ಟವರೇ ಆಗಿರಬೇಕಿಲ್ಲ. ಎಷ್ಟೋ ಸಲ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಇದು ಅಪರಾಧ.

ಅನಾಥ ಮಗುವನ್ನಾಗಲಿ, ಬಿಟ್ಟುಹೋದ ಮಗುವನ್ನಾಗಲಿ, ಹೆತ್ತವರು ಒಪ್ಪಿಸಿದ ಮಗುವನ್ನಾಗಲಿ ಕಾನೂನಿನ ಹಾದಿ ಬಿಟ್ಟು ದತ್ತು ಕೊಟ್ಟರೂ ತೆಗೆದುಕೊಂಡರೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಹಣ ಕೊಟ್ಟು ಮಗು ಪಡೆದರೆ ಅದು ಮಾರಾಟ. ಅದಕ್ಕೆ 5 ವರ್ಷದವರೆಗೆ ಕಠಿಣ ಸಜೆ. ಆಸ್ಪತ್ರೆಯಲ್ಲೇ ಜನನ ಪ್ರಮಾಣಪತ್ರಕ್ಕೆ ನಿಮ್ಮ ಹೆಸರು ಬರೆಸಿಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ವೀಸಾ ಹೊತ್ತಿಗೆ ಡಿಎನ್‌ಎ ಪರೀಕ್ಷೆ ಕೇಳಿದರೆ ಏನು ಮಾಡುತ್ತೀರಿ?

ಹೆತ್ತ ತಾಯಿಗೆ ನಿಜಕ್ಕೂ ಸಾಕುವುದು ಆಗುತ್ತಿಲ್ಲ ಅಂದರೆ ಆಕೆಗೂ ಒಂದು ಗೌರವದ ದಾರಿ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಮಗುವನ್ನು ಒಪ್ಪಿಸಬಹುದು. ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು 60 ದಿನ ಇರುತ್ತದೆ. ಆ 60 ದಿನ ಆಕೆಯ ಹಕ್ಕು. ಯಾರದೋ ಮನೆಗೆ ರಾತ್ರೋರಾತ್ರಿ ಮಗು ಸಾಗಿಸಿದರೆ ನಾವು ಕಸಿದುಕೊಳ್ಳುವುದು ಅದನ್ನೇ.

ಹೆಜ್ಜೆ 2: ನೀವು ಯಾವ ಸಾಲಿನಲ್ಲಿದ್ದೀರಿ, ಯಾವ ವೀಸಾದಲ್ಲಿದ್ದೀರಿ?

ಇಡೀ ಕೆಲಸದಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳಬೇಕಾದ ಜಾಗ ಇದು. ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿಕೊಳ್ಳಿ.

ಒಂದು, ಭಾರತದ ಕಣ್ಣಲ್ಲಿ ನೀವು ಯಾರು? ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿದ್ದರೆ ಎನ್‌ಆರ್‌ಐ. ಮಗುವಿಗಾಗಿ ಕಾಯುವ ಕಾರಾ ಸರದಿಯಲ್ಲಿ ಎನ್‌ಆರ್‌ಐಗಳಿಗೂ ಇಲ್ಲೇ ಇರುವ ಭಾರತೀಯರಿಗೂ ಭೇದ ಇಲ್ಲ, ಇಬ್ಬರೂ ಸಮ. ಆ ದೇಶದ ಪೌರತ್ವ ತೆಗೆದುಕೊಂಡು ಒಸಿಐ (ಭಾರತದ ಸಾಗರೋತ್ತರ ಪ್ರಜೆ) ಕಾರ್ಡ್ ಮಾಡಿಸಿಕೊಂಡಿದ್ದರೆ ಸರದಿ ಇವರ ನಂತರ. ವಿದೇಶಿಯರು ಅದಕ್ಕೂ ನಂತರ.

ಎರಡು, ಆ ದೇಶದ ಕಣ್ಣಲ್ಲಿ ನೀವು ಯಾರು? ಅಮೆರಿಕದ ಮಾತು ತೆಗೆದುಕೊಳ್ಳೋಣ, ನಮ್ಮವರು ಜಾಸ್ತಿ ಇರುವುದು ಅಲ್ಲೇ. ಹೇಗ್ ದೇಶದಿಂದ, ಅಂದರೆ ಆ ಒಪ್ಪಂದದಲ್ಲಿರುವ ದೇಶದಿಂದ, ದತ್ತು ಮಗುವನ್ನು ಕರೆತರಲು ಅಲ್ಲಿನ ವಲಸೆ ಇಲಾಖೆಗೆ ಐ-800ಎ, ಆಮೇಲೆ ಐ-800 ಅನ್ನುವ ಎರಡು ಅರ್ಜಿ ಹಾಕಬೇಕು. ಅರ್ಜಿ ಹಾಕುವವರು ಅಮೆರಿಕದ ಪ್ರಜೆಯೇ ಆಗಿರಬೇಕು. ಗಂಡ ಹೆಂಡತಿಯಲ್ಲಿ ಒಬ್ಬರು ಪ್ರಜೆಯಾಗಿ, ಇನ್ನೊಬ್ಬರು ಕಾನೂನುಬದ್ಧವಾಗಿ ಅಲ್ಲಿದ್ದರೆ ಸಾಕು. ಆದರೆ ಇಬ್ಬರೂ ಎಚ್‌-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದರೆ, ಅಥವಾ ಬರೀ ಗ್ರೀನ್ ಕಾರ್ಡ್ ಇದ್ದರೆ ಆ ಬಾಗಿಲು ತೆರೆಯುವುದಿಲ್ಲ. ಅವರಿಗೆ ಉಳಿಯುವ ಸಾಮಾನ್ಯ ದಾರಿ ಇನ್ನೊಂದು. ಮಗುವಿಗೆ 16 ವರ್ಷ ತುಂಬುವ ಮೊದಲು ದತ್ತು ಆಗಿರಬೇಕು, 2 ವರ್ಷ ಕಾನೂನುಬದ್ಧವಾಗಿ ಮಗು ಅವರ ವಶದಲ್ಲಿ, ಅವರ ಜೊತೆಯಲ್ಲೇ ವಾಸ ಇರಬೇಕು. ಅಂದರೆ ಒಬ್ಬರಾದರೂ ಊರಿಗೆ ಬಂದು ಮಗುವಿನ ಜೊತೆ ಇರಬೇಕಾಗುತ್ತದೆ. ಅಜ್ಜಿ ಹತ್ತಿರ ಬಿಟ್ಟು ಹೋದ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲ.

ಇಕ್ಕಟ್ಟು ಗಮನಿಸಿ. ಭಾರತದ ಪಾಸ್‌ಪೋರ್ಟ್ ಇದ್ದರೆ ಇಲ್ಲಿ ಸರದಿ ಬೇಗ, ಅಲ್ಲಿ ವೀಸಾ ಕಷ್ಟ. ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಅಲ್ಲಿ ದಾರಿ ಸಲೀಸು, ಇಲ್ಲಿ ಸರದಿ ಹಿಂದೆ. ಪೌರತ್ವದ ಅರ್ಜಿ ಹಾಕುವ ಹಂತದಲ್ಲಿರುವ ದಂಪತಿ ಇದನ್ನು ಮೊದಲೇ ಕೂತು ಯೋಚಿಸಲಿ. ಅಲ್ಲಿನ ವಲಸೆ ವಕೀಲರಿಗೆ ಒಂದು ಸಲ ಫೀಸು ಕೊಟ್ಟು ಕೇಳುವುದು, ಆಮೇಲೆ ವರ್ಷಗಟ್ಟಲೆ ಒದ್ದಾಡುವುದಕ್ಕಿಂತ ಮೇಲು.

ಗಲ್ಫ್ ಕಡೆಯ ವಿಷಯ ಬೇರೆ. ಯುಎಇ ಹೇಗ್ ದತ್ತು ಒಪ್ಪಂದದಲ್ಲಿ ಇಲ್ಲ. ದತ್ತು ಏಜೆನ್ಸಿಯಾಗಲಿ ಕೇಂದ್ರ ಪ್ರಾಧಿಕಾರವಾಗಲಿ ಇಲ್ಲದ ದೇಶದಲ್ಲಿರುವ ಎನ್‌ಆರ್‌ಐಗಳು ಅಲ್ಲಿನ ಭಾರತದ ದೂತಾವಾಸದ ಮೂಲಕ ಹೋಗಬೇಕು. ಮಗುವಿಗೆ ರೆಸಿಡೆನ್ಸ್ ವೀಸಾ ಹೇಗೆ ಸಿಗುತ್ತದೆ ಅಂತ ಕೆಲಸ ಕೊಟ್ಟ ಕಂಪನಿಯಲ್ಲಿ ವೀಸಾ ಕೆಲಸ ನೋಡುವ ಪಿಆರ್‌ಒ ಹತ್ತಿರವೂ ಮೊದಲೇ ವಿಚಾರಿಸಿ.

ಇನ್ನೊಂದು ಮಾತು. ದತ್ತು ಅನ್ನುವುದು ಹಿಂದೂಗಳಿಗೆ ಮಾತ್ರ ಅಂತ ಇನ್ನೂ ಬಹಳ ಜನ ಅಂದುಕೊಂಡಿದ್ದಾರೆ. 1956ರ ಹಿಂದೂ ದತ್ತಕ ಕಾಯ್ದೆ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಮಾತ್ರ ಅನ್ನುವುದು ನಿಜ. ಆದರೆ ಬಾಲನ್ಯಾಯ ಕಾಯ್ದೆ ಎಲ್ಲ ಧರ್ಮದವರಿಗೂ ತೆರೆದಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಮುಸ್ಲಿಂ, ಕ್ರೈಸ್ತ ದಂಪತಿಗಳೂ ಕಾರಾ ಮೂಲಕ ಪೂರ್ತಿ ಹಕ್ಕಿನ ಅಪ್ಪ ಅಮ್ಮ ಆಗಬಹುದು.

ಹೆಜ್ಜೆ 3: ವಯಸ್ಸು ಕೂಡಿ ನೋಡಿ

ಗಂಡ ಹೆಂಡತಿ ಇಬ್ಬರ ವಯಸ್ಸನ್ನೂ ಕೂಡಬೇಕು. 2 ವರ್ಷದೊಳಗಿನ ಮಗು ಬೇಕಿದ್ದರೆ ಒಟ್ಟು 85 ಮೀರಬಾರದು. 2ರಿಂದ 4 ವರ್ಷದ ಮಗುವಿಗೆ 90, 4ರಿಂದ 8ಕ್ಕೆ 100, 8 ದಾಟಿದ ಮಗುವಿಗೆ 110. ಒಬ್ಬರೇ ದತ್ತು ಪಡೆಯುವುದಾದರೆ ಇದೇ ಕ್ರಮದಲ್ಲಿ 40, 45, 50, 55. ಗಂಡನಿಗೆ 46, ಹೆಂಡತಿಗೆ 42 ಅಂದರೆ 88 ಆಯಿತು. ಅವರಿಗೆ ಕೈಗೂಸು ಬರುವುದಿಲ್ಲ, 2 ವರ್ಷ ದಾಟಿದ ಮಗು ಬರಬಹುದು. ಲೆಕ್ಕಕ್ಕೆ ಹಿಡಿಯುವುದು ನೋಂದಣಿ ದಿನದ ವಯಸ್ಸನ್ನು. ಆದ್ದರಿಂದ "ಇನ್ನೊಂದು ವರ್ಷ ನೋಡೋಣ" ಅನ್ನುವವರು ಕ್ಯಾಲೆಂಡರ್ ಕಡೆಗೂ ಕಣ್ಣಿಟ್ಟಿರಿ.

ಮಗುವಿಗೂ ದತ್ತು ಪಡೆಯುವವರಿಗೂ ಕನಿಷ್ಠ 25 ವರ್ಷ ಅಂತರ ಇರಬೇಕು. ದಂಪತಿಯಾದರೆ ಮದುವೆಯಾಗಿ 2 ವರ್ಷವಾದರೂ ಆಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಒಂಟಿ ಹೆಂಗಸು ಗಂಡು ಮಗುವನ್ನಾದರೂ ಹೆಣ್ಣು ಮಗುವನ್ನಾದರೂ ದತ್ತು ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ. ಈಗಾಗಲೇ ಇಬ್ಬರು ಮಕ್ಕಳಿದ್ದರೆ ವಿಶೇಷ ಆರೈಕೆ ಬೇಕಾದ ಅಥವಾ ಮನೆ ಸಿಗುವುದು ಕಷ್ಟವಾದ ಮಕ್ಕಳಿಗೆ ಮಾತ್ರ ಅವಕಾಶ. ಸಂಬಂಧಿಕರ ಮಗುವಿಗೆ ಈ ತಡೆ ಇಲ್ಲ.

ಹೆಜ್ಜೆ 4: ಹೋಮ್ ಸ್ಟಡಿ, ಕಾಗದಪತ್ರ

ಹೋಮ್ ಸ್ಟಡಿ, ಅಂದರೆ ಮಗು ಬೆಳೆಯುವ ಮನೆಯ ಪರಿಶೀಲನೆ, ನಡೆಯುವುದು ನೀವು ವಾಸ ಇರುವ ದೇಶದಲ್ಲಿ. ಅಲ್ಲಿ ಕಾರಾ ಮಾನ್ಯತೆ ಕೊಟ್ಟಿರುವ ದತ್ತು ಏಜೆನ್ಸಿಯ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ದುಡಿಮೆ, ಆರೋಗ್ಯ, ಪೊಲೀಸ್ ದಾಖಲೆ, ಗಂಡ ಹೆಂಡತಿ ಹೇಗಿದ್ದಾರೆ, ಮಗು ಯಾಕೆ ಬೇಕು, ಬಂಜೆತನದ ನೋವಿನಿಂದ ಹೊರಬಂದಿದ್ದಾರಾ, ಎಲ್ಲ ಕೇಳುತ್ತಾರೆ. ನಮ್ಮವರು ಇದನ್ನು ಪರೀಕ್ಷೆ ಅಂತ ತಿಳಿದು ಬಾಯಿಪಾಠದ ಉತ್ತರ ಕೊಡುತ್ತಾರೆ. ಹಾಗೆ ಮಾಡಬೇಡಿ. ಮಾವ ಇನ್ನೂ ಪೂರ್ತಿ ಒಪ್ಪಿಲ್ಲ ಅಂದರೆ ಅದನ್ನೇ ಹೇಳಿ. ಅಲ್ಲಿಂದಲೇ ಒಳ್ಳೆಯ ಸಲಹೆ ಸಿಗುತ್ತದೆ.

ಕಾರಾ ಲೆಕ್ಕದಲ್ಲಿ ಈ ವರದಿಗೆ 3 ವರ್ಷ ಬೆಲೆ ಇದೆ. ಅಮೆರಿಕದ ಐ-800ಎ ಒಪ್ಪಿಗೆಗೆ ಸಾಮಾನ್ಯವಾಗಿ 15 ತಿಂಗಳು. ಮಗು ಬರುವುದರೊಳಗೆ ಅದು ಮುಗಿದುಹೋಗಬಹುದು. ಮುಗಿಯುವ ಮೊದಲೇ ವಿಸ್ತರಣೆಗೆ ಹಾಕಿ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ನಿಜವಾದ ಕೆಲಸ ಇರುವುದು ಈ ಹೆಜ್ಜೆಯಲ್ಲಿ. ಹುಟ್ಟಿದ ದಾಖಲೆ, ಮದುವೆ ದಾಖಲೆ, ಓದಿದ ದಾಖಲೆ ಎಲ್ಲ ಇಲ್ಲೇ ಇರುತ್ತವೆ. ಮೂರು ತೊಂದರೆಯಂತೂ ಮತ್ತೆ ಮತ್ತೆ ಬರುತ್ತವೆ.

ಮೊದಲನೆಯದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಮಂಜುನಾಥ ಎಚ್.ಕೆ." ಅಂತ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಎಚ್ ಅಂದರೆ ಹೊಳೆನರಸೀಪುರ, ಕೆ ಅಂದರೆ ಕೃಷ್ಣೇಗೌಡ ಅಂತ ಬಿಡಿಸಿ, ಊರಿನ ಹೆಸರೇ ಮನೆತನದ ಹೆಸರಾಗಿ ಕೂತಿರುತ್ತದೆ. ಹೆಂಡತಿಯದು ಇನ್ನೂ ಗೋಜಲು. ಮದುವೆಗೆ ಮುಂಚೆ ಅಪ್ಪನ ಹೆಸರು, ಆಮೇಲೆ ಗಂಡನ ಹೆಸರು, ಆಧಾರ್‌ನಲ್ಲಿ ಎರಡೂ ಇಲ್ಲ. ನಮಗೆ ಇದು ಏನೂ ಅನ್ನಿಸುವುದಿಲ್ಲ. ಹೊರದೇಶದ ಅಧಿಕಾರಿಗೆ ಮೂರು ಬೇರೆ ಮನುಷ್ಯರು ಕಾಣುತ್ತಾರೆ. ಹೆಸರುಗಳೆಲ್ಲ ಒಬ್ಬರದ್ದೇ ಅನ್ನುವ ಅಫಿಡವಿಟ್ ಮಾಡಿಸಿಡಿ. ಸಾಧ್ಯವಾದರೆ ದಾಖಲೆಗಳನ್ನೇ ಪಾಸ್‌ಪೋರ್ಟಿಗೆ ತಕ್ಕಂತೆ ಸರಿಪಡಿಸಿ. ಇಂಗ್ಲಿಷಿನಲ್ಲಿ ಅಪ್ಪನ ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇದೆಯಾ ಅಂತ ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ.

ಎರಡನೆಯದು ಮದುವೆ ನೋಂದಣಿ. ಕಲ್ಯಾಣ ಮಂಟಪದಲ್ಲಿ ಸಾವಿರ ಜನ ಉಂಡಿರುತ್ತಾರೆ, ರಿಜಿಸ್ಟರ್ ಮಾತ್ರ ಆಗಿರುವುದಿಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಈಗಲೂ ಮಾಡಿಸಬಹುದು. ಕಾವೇರಿ ಪೋರ್ಟಲ್ ಮೂಲಕವೂ ಅರ್ಜಿ ಹಾಕಬಹುದು. ಲಗ್ನಪತ್ರಿಕೆ, ಧಾರೆಯ ಫೋಟೋ, ಸಾಕ್ಷಿಗಳು ಬೇಕು. ಮಗ ಸೊಸೆ ರಜೆಗೆ ಬಂದಾಗ ಮೊದಲ ವಾರದಲ್ಲೇ ಈ ಕೆಲಸ ಮುಗಿಸಿ. ಕೊನೆ ವಾರಕ್ಕೆ ಇಟ್ಟುಕೊಂಡರೆ ಸರ್ವರ್ ಡೌನ್ ಆಗಿರುತ್ತದೆ, ಇಲ್ಲ ಸರ್ಕಾರಿ ರಜೆ ಬಂದಿರುತ್ತದೆ.

ಮೂರನೆಯದು ದೃಢೀಕರಣ. ಇಲ್ಲಿನ ಕಾಗದ ಅಲ್ಲಿ ಚಲಾವಣೆ ಆಗಬೇಕಾದರೆ ರಾಜ್ಯದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಅಂತ ಹೊರದೇಶಕ್ಕೆ ಹೇಳುವ ಮುದ್ರೆ ಹಾಕಿಸಬೇಕು. ಅಪೊಸ್ಟಿಲ್ ಒಪ್ಪದ ದೇಶಕ್ಕಾದರೆ ಆ ದೇಶದ ದೂತಾವಾಸದ ಮುದ್ರೆ ಬೇಕು. ಮೂಲ ಪ್ರತಿ ಕೈಬಿಡುವ ಮುಂಚೆ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

ಹೆಜ್ಜೆ 5: ನೋಂದಣಿ, ಕಾಯುವಿಕೆ, ಮಗುವಿನ ವರದಿ

ಏಜೆನ್ಸಿ ನಿಮ್ಮ ವರದಿ, ಕಾಗದಗಳನ್ನು ಕಾರಾದ ಕೇರಿಂಗ್ಸ್ ಪೋರ್ಟಲ್‌ಗೆ ಹಾಕುತ್ತದೆ. ಅಲ್ಲಿಂದ ಕಾಯಬೇಕು. ಎಳೆಯ, ಆರೋಗ್ಯವಂತ ಮಗುವಿಗಾದರೆ ಮೂರು ವರ್ಷಕ್ಕೂ ಮೇಲೆ ಹಿಡಿಯುವುದು ಈಗ ಮಾಮೂಲಿ. ದತ್ತುಮುಕ್ತ, ಅಂದರೆ ಕಾನೂನಿನಂತೆ ದತ್ತು ಕೊಡಬಹುದು ಅಂತ ಘೋಷಣೆಯಾದ ಮಕ್ಕಳು ಕಡಿಮೆ, ಕಾಯುವ ದಂಪತಿಗಳು ಬಹಳ. ದೊಡ್ಡ ಮಕ್ಕಳಿಗೆ, ಅಣ್ಣ ತಂಗಿಯರ ಜೋಡಿಗೆ, ವಿಶೇಷ ಆರೈಕೆ ಬೇಕಾದ ಮಕ್ಕಳಿಗೆ ಇಷ್ಟು ಕಾಯಬೇಕಿಲ್ಲ. ಹೊರದೇಶಕ್ಕೆ ಹೋಗುವ ಮಕ್ಕಳಲ್ಲಿ ಒಳ್ಳೆಯ ಪಾಲು ಇಂಥವರೇ. ಸೀಳುತುಟಿ, ಹೃದಯದಲ್ಲಿ ಸಣ್ಣ ರಂಧ್ರ, ಕಿವಿ ಮಂದ ಅನ್ನುವಂಥವಕ್ಕೆ ಅಲ್ಲಿ ಒಳ್ಳೆಯ ಚಿಕಿತ್ಸೆ ಸಿಗುತ್ತದೆ. ಫಾರಂನಲ್ಲಿ ಟಿಕ್ ಹಾಕುವ ಮುಂಚೆ ಗಂಡ ಹೆಂಡತಿ ಕೂತು, ನಮಗೆ ಎಷ್ಟು ಆಗುತ್ತದೆ ಅಂತ ನಿಜವಾಗಿ ಮಾತಾಡಿಕೊಳ್ಳಿ. ಪುಣ್ಯ ಬರುತ್ತದೆ ಅಂತ ಟಿಕ್ ಹಾಕಬೇಡಿ. ಸರದಿ ಬೇಗ ಬರುತ್ತದೆ ಅಂತಲೂ ಹಾಕಬೇಡಿ.

ಮಗು ಹಾಸನದ್ದೇ, ಚಿಕ್ಕಮಗಳೂರಿನದ್ದೇ ಆಗಬೇಕು ಅಂತ ಹಟ ಹಿಡಿಯಲು ಆಗುವುದಿಲ್ಲ. ಮಗು ಒಡಿಶಾದಿಂದ ಬರಬಹುದು, ಮಹಾರಾಷ್ಟ್ರದಿಂದ ಬರಬಹುದು. ಜಾತಿ ಕೇಳುವ ಕಾಲಂ ಫಾರಂನಲ್ಲಿ ಇಲ್ಲ, ಇರಲೂಬಾರದು. "ನಮ್ಮವರ ಮಗುವೇ ಸಿಗುತ್ತಾ?" ಅಂತ ನನ್ನನ್ನು ಮೆಲ್ಲಗೆ ಕೇಳುವ ಹಿರಿಯರು ಈಗಲೂ ಇದ್ದಾರೆ. ಮನೆಗೆ ಬಂದ ದಿನದಿಂದ ಅದು ನಿಮ್ಮವರ ಮಗುವೇ. ಅದಕ್ಕೆ ಮನಸ್ಸು ಒಪ್ಪದಿದ್ದರೆ ಅರ್ಜಿ ಹಾಕಬೇಡಿ.

ಸರದಿ ಬಂದ ದಿನ ಮಗುವಿನ ಫೋಟೋ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಬರುತ್ತದೆ. ಮಗುವನ್ನು ಕಾದಿರಿಸಲು ಹೊರದೇಶದವರಿಗೆ 96 ಗಂಟೆ ಇರುತ್ತದೆ. ಕಾದಿರಿಸಿದ ಮೇಲೆ ವರದಿಗೆ ಸಹಿ ಹಾಕಿ ಒಪ್ಪಿಕೊಳ್ಳಲು 30 ದಿನ. ಫೋಟೋ ನೋಡಿದ ಕೂಡಲೇ ಮನಸ್ಸು ಸೋಲುತ್ತದೆ, ಸಹಜ. ಆದರೂ ಆ ದಿನವೇ ವೈದ್ಯಕೀಯ ವರದಿಯನ್ನು ಮಕ್ಕಳ ಡಾಕ್ಟರ್ ಒಬ್ಬರಿಗೆ ತೋರಿಸಿ. ಹುಟ್ಟಿದಾಗಿನ ತೂಕ, ತಲೆಯ ಸುತ್ತಳತೆ, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆಯ ತಾರೀಖು, ಕುತ್ತಿಗೆ ನಿಂತದ್ದು, ಕೂತದ್ದು, ನಡೆದದ್ದು ಯಾವಾಗ, ಇವನ್ನು ಕೇಳಿ. ಸಂಸ್ಥೆಯಲ್ಲಿ ಬೆಳೆದ ಮಗು ತೂಕದಲ್ಲಿ, ಮಾತಿನಲ್ಲಿ ಸ್ವಲ್ಪ ಹಿಂದೆ ಇರುವುದು ಸಾಮಾನ್ಯ. ಮಡಿಲು ಸಿಕ್ಕಮೇಲೆ ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ಮಗುವಿನ ಫೋಟೋ ಮನೆಯ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಇನ್ನೂ ಅದು ನಿಮ್ಮ ಮಗು ಆಗಿಲ್ಲ. ಅಜ್ಜಿ ತಾತನಿಗೆ ಸುಮ್ನೆ ಫೋನಿನಲ್ಲಿ ಹೇಳಿದರೆ ಸಾಕು.

ಹೆಜ್ಜೆ 6: ಎನ್‌ಒಸಿ, ಡಿಸಿ ಆದೇಶ, ಪಾಸ್‌ಪೋರ್ಟ್

ಇಲ್ಲಿಂದ ಕೆಲಸ ಹೆಚ್ಚಾಗಿ ಕಚೇರಿಗಳ ನಡುವೆಯೇ ನಡೆಯುತ್ತದೆ, ಆದರೆ ಕ್ರಮ ತಪ್ಪಬಾರದು. ನೀವು ಒಪ್ಪಿದ ಮೇಲೆ ಆ ದೇಶ ಹೇಗ್ ಒಪ್ಪಂದದ 5 ಮತ್ತು 17ನೇ ವಿಧಿಯ ಒಪ್ಪಿಗೆ ಪತ್ರ ಕೊಡುತ್ತದೆ. ಅಮೆರಿಕದವರಿಗೆ ಐ-800ಕ್ಕೆ ತಾತ್ಕಾಲಿಕ ಒಪ್ಪಿಗೆ ಸಿಗಬೇಕಾದದ್ದು ದತ್ತು ಆದೇಶಕ್ಕಿಂತ ಮೊದಲು. ಆ ಪತ್ರ ನೋಡಿ ಕಾರಾ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಕೊಡುತ್ತದೆ. ಅದಾದ ಮೇಲೆ ಬೇಕಿದ್ದರೆ ಭಾರತಕ್ಕೆ ಬಂದು ಮಗುವನ್ನು ದತ್ತುಪೂರ್ವ ಪಾಲನೆಗೆ ತೆಗೆದುಕೊಂಡು ಜೊತೆಯಲ್ಲೇ ಇರಬಹುದು.

ಆದೇಶ ಕೊಡುವವರು ಜಿಲ್ಲಾಧಿಕಾರಿ. 2022ರ ಸೆಪ್ಟೆಂಬರ್ 1ಕ್ಕೆ ಮೊದಲು ಇದು ಕೋರ್ಟಿನಲ್ಲಿ ಆಗುತ್ತಿತ್ತು. ಅರ್ಜಿ ಹೋಗುವುದು ಮಗು ಇರುವ ದತ್ತು ಸಂಸ್ಥೆಯ ಜಿಲ್ಲೆಯ ಡಿಸಿಗೆ, ಅಜ್ಜಿ ತಾತ ಇರುವ ಜಿಲ್ಲೆಯ ಡಿಸಿಗೆ ಅಲ್ಲ. 2 ತಿಂಗಳೊಳಗೆ ತೀರ್ಮಾನ ಆಗಬೇಕು ಅನ್ನುವುದು ನಿಯಮ. ಆದೇಶ ಬಂದ ಮೇಲೆ ಕಾರಾ 23ನೇ ವಿಧಿಯ ಅನುಸರಣಾ ಪ್ರಮಾಣಪತ್ರ, ಅಂದರೆ ದತ್ತು ಹೇಗ್ ಒಪ್ಪಂದದಂತೆಯೇ ಆಗಿದೆ ಅನ್ನುವ ಪತ್ರ ಕೊಡುತ್ತದೆ. ದತ್ತು ಹೆತ್ತವರ ಹೆಸರಿನ ಜನನ ಪ್ರಮಾಣಪತ್ರ ಆಗುತ್ತದೆ. ಮಗುವಿಗೆ ಭಾರತದ ಪಾಸ್‌ಪೋರ್ಟ್ ಆಗುತ್ತದೆ, ಅದರ ಮೇಲೆ ಆ ದೇಶದ ವೀಸಾ. ಈ ನಾಲ್ಕೂ ಕಾಗದದಲ್ಲಿ ಮಗುವಿನ ಹೆಸರು, ಹುಟ್ಟಿದ ತಾರೀಖು ಒಂದೇ ಇರಲಿ. ಆದೇಶದ ಕರಡು ಹಂತದಲ್ಲೇ ಇಂಗ್ಲಿಷ್ ಕಾಗುಣಿತ ಓದಿ ನೋಡಲು ಕೇಳಿ. ಆಮೇಲೆ ತಿದ್ದುವುದು ದೊಡ್ಡ ಪಾಡು.

ಹೆಜ್ಜೆ 7: ಅಣ್ಣನ ಮಗು, ತಂಗಿಯ ಮಗು ಆದರೆ

ನಮ್ಮ ಕಡೆ ಹೆಚ್ಚು ಕೇಳುವುದು ಇದನ್ನೇ. ಅಣ್ಣನಿಗೆ ಮೂವರು, ಒಬ್ಬಳನ್ನು ಕೆನಡಾದ ತಂಗಿಗೆ ಕೊಡೋಣ ಅಂತ. ಬಾಲನ್ಯಾಯ ಕಾಯ್ದೆಯಲ್ಲಿ ಸಂಬಂಧಿ ಅಂದರೆ ದೊಡ್ಡಪ್ಪ ಚಿಕ್ಕಪ್ಪ, ಅತ್ತೆ, ಸೋದರಮಾವ, ದೊಡ್ಡಮ್ಮ ಚಿಕ್ಕಮ್ಮ, ಎರಡೂ ಕಡೆಯ ಅಜ್ಜಿ ತಾತ. ದೂರದ ದಾಯಾದಿ, ಬೀಗರ ಕಡೆಯವರು ಈ ಪಟ್ಟಿಯಲ್ಲಿ ಬರುವುದಿಲ್ಲ.

ಇಲ್ಲಿ ಸರದಿ ಇಲ್ಲ, ಉಳಿದದ್ದೆಲ್ಲ ಇದೆ. ಹೊರದೇಶದಲ್ಲಿ ಹೋಮ್ ಸ್ಟಡಿ, ಇಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಹೆತ್ತವರ ಮನೆಯ ವರದಿ, ಹೆತ್ತವರ ಲಿಖಿತ ಒಪ್ಪಿಗೆ, ಆ ದೇಶದ ಒಪ್ಪಿಗೆ, ಡಿಸಿ ಆದೇಶ, ಕಾರಾ ಎನ್‌ಒಸಿ. ಮಗುವಿಗೆ 5 ವರ್ಷ ತುಂಬಿದ್ದರೆ ಅದರ ಒಪ್ಪಿಗೆಯನ್ನೂ ಕೇಳುತ್ತಾರೆ. ಘಟಕದವರು ಮನೆಗೆ ಬಂದಾಗ ಮಗುವನ್ನು ಒಂಟಿಯಾಗಿ ಮಾತಾಡಿಸಲು ಬಿಡಿ. ಪಕ್ಕದಲ್ಲಿ ಕೂತು "ಹೇಳಮ್ಮ, ಅತ್ತೆ ಜೊತೆ ಹೋಗ್ತೀನಿ ಅಂತ ಹೇಳು" ಅಂತ ಉಸುರಬೇಡಿ.

ಹಿಂದೂ ದತ್ತಕ ಕಾಯ್ದೆ ಪ್ರಕಾರ ಆಗಲೇ ದತ್ತಕ ಪತ್ರ ರಿಜಿಸ್ಟರ್ ಮಾಡಿಸಿಬಿಟ್ಟಿದ್ದೇವೆ ಅನ್ನುವವರೂ ಬರುತ್ತಾರೆ. ಆ ಪತ್ರಕ್ಕೆ ಭಾರತದೊಳಗೆ ಬೆಲೆ ಇದೆ, ಆದರೆ ಅದೊಂದರಿಂದಲೇ ಹೊರದೇಶದ ವೀಸಾ ಸಿಗುವುದಿಲ್ಲ. ಡಿಸಿ ಕಡೆಯಿಂದ ಪರಿಶೀಲನಾ ವರದಿ, ಆ ದೇಶದ ಒಪ್ಪಿಗೆ, ಕಾರಾ ಎನ್‌ಒಸಿ ಇವು ಬೇಕೇ ಬೇಕು. ಪತ್ರವೂ ಕಾಯ್ದೆಗೆ ಹೊಂದಿರಬೇಕು. ಆ ಕಾಯ್ದೆಯಲ್ಲಿ ಸಾಮಾನ್ಯವಾಗಿ ಮಗುವಿಗೆ 15 ತುಂಬಿರಬಾರದು. ಮಗನಿರುವವರು ಇನ್ನೊಂದು ಗಂಡು ಮಗುವನ್ನು ತೆಗೆದುಕೊಳ್ಳುವಂತಿಲ್ಲ. ಮಗು ಕೊಡುವ, ತೆಗೆದುಕೊಳ್ಳುವ ಶಾಸ್ತ್ರ ನಿಜವಾಗಿ ನಡೆದಿರಬೇಕು. ಇನ್ನೂ ಪತ್ರ ಮಾಡಿಸಿಲ್ಲವಾದರೆ ಕೈ ತಡೆದು, ಆ ದೇಶದ ಏಜೆನ್ಸಿಯನ್ನು ಮೊದಲು ಕೇಳಿ. ಕ್ರಮ ತಪ್ಪಿ ಮೊದಲೇ ದತ್ತು ಮುಗಿಸಿದರೆ ಆ ದೇಶದಲ್ಲಿ ಬಾಗಿಲು ಮುಚ್ಚಿಹೋಗಬಹುದು.

"ಓದೋಕೆ ಅನುಕೂಲ ಆಗುತ್ತೆ, ಹೆಸರಿಗೆ ಮಾತ್ರ ದತ್ತು ಮಾಡೋಣ" ಅನ್ನುವವರಿಗೆ ನನ್ನ ಉತ್ತರ ಒಂದೇ, ಮಾಡಬೇಡಿ. ದತ್ತು ಆದ ಮೇಲೆ ಕಾನೂನಿನಲ್ಲಿ ಹೆತ್ತವರ ಸಂಬಂಧ ಕಡಿಯುತ್ತದೆ. ಮಗುವಿನ ಹೆಸರಿಗೆ ಮೊದಲೇ ಬಂದಿರುವ ಆಸ್ತಿ ಅದರದ್ದೇ ಉಳಿಯುತ್ತದೆ. ಮುಂದಿನ ಹಕ್ಕುಗಳೆಲ್ಲ ಹೊಸ ಮನೆಯಲ್ಲಿ. ತೋಟದ ಪಾಲಿನ ಮಾತು ಇರುವ ಮನೆಗಳಲ್ಲಿ ಇದನ್ನು ಎಲ್ಲರ ಎದುರು ಮೊದಲೇ ಬಿಚ್ಚಿ ಮಾತಾಡಿ.

ಹೊರದೇಶದ ಮಗುವನ್ನು ಇಲ್ಲಿಗೆ ತರುವುದಾದರೆ

ಇದು ಅಪರೂಪ, ಆದರೂ ಕೇಳುವವರಿದ್ದಾರೆ. ಚಿಕ್ಕಮಗಳೂರಿನಲ್ಲಿ ವಾಸವಿರುವ ಭಾರತೀಯ ದಂಪತಿ ಬೇರೆ ದೇಶದ ಮಗುವನ್ನು ದತ್ತು ಪಡೆಯಬೇಕಾದರೆ ಮೊದಲು ಆ ದೇಶದ ಕಾನೂನಿನ ಪ್ರಕಾರ ಅಲ್ಲಿ ದತ್ತು ಆಗಬೇಕು. ಅದು ಹೇಗ್ ದೇಶವಾದರೆ ನಿಮ್ಮ ಹೋಮ್ ಸ್ಟಡಿ, ಮಗುವಿನ ಅಧ್ಯಯನ ಮತ್ತು ವೈದ್ಯಕೀಯ ವರದಿ ನೋಡಿ ಕಾರಾ ಒಪ್ಪಿಗೆ ಕೊಡುತ್ತದೆ. ಮಗುವಿನ ಕೈಯಲ್ಲಿ ಆ ದೇಶದ ಪಾಸ್‌ಪೋರ್ಟ್ ಇರುತ್ತದೆ. ಅಲ್ಲಿನ ಭಾರತದ ದೂತಾವಾಸದಲ್ಲಿ ಎಂಟ್ರಿ ವೀಸಾ, ಅದೇ ದೂತಾವಾಸದ ಮೂಲಕ ಗೃಹ ಸಚಿವಾಲಯದ ವಲಸೆ ಅನುಮತಿ ಪಡೆಯಬೇಕು. ದತ್ತು ಆಯಿತು ಅಂದ ಮಾತ್ರಕ್ಕೆ ಮಗು ಭಾರತದ ಪ್ರಜೆ ಆಗುವುದಿಲ್ಲ, ಪೌರತ್ವಕ್ಕೆ ಬೇರೆ ಅರ್ಜಿ ಹಾಕಬೇಕು.

ದುಡ್ಡಿನ ಮಾತು

ಹೊರದೇಶದ ದತ್ತುವಿಗೆ ಇಲ್ಲಿನ ಸಂಸ್ಥೆಗೆ ಕೊಡಬೇಕಾದ ಮೊತ್ತವನ್ನು ನಿಯಮದಲ್ಲೇ ಗೊತ್ತುಮಾಡಿದ್ದಾರೆ, 5,000 ಡಾಲರ್. ಅಲ್ಲಿನ ಏಜೆನ್ಸಿ, ವಲಸೆ ಅರ್ಜಿ, ಓಡಾಟದ ಖರ್ಚು ಬೇರೆ. ಅದು ಇದಕ್ಕಿಂತ ಜಾಸ್ತಿಯೇ ಆಗುತ್ತದೆ. ಕೊಡುವುದನ್ನು ಬ್ಯಾಂಕ್ ಮೂಲಕ ಕೊಡಿ, ರಸೀದಿ ತೆಗೆದುಕೊಳ್ಳಿ. ಸಂಸ್ಥೆಗೆ ದಾನ ಕೊಡಿ, ಸರದಿ ಮುಂದೆ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಸರದಿ ನಡೆಸುವುದು ಪೋರ್ಟಲ್. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಮಾಹಿತಿ ಕೇಳಲು ಒಂದು ಪೈಸೆಯೂ ಬೇಡ.

ಮಗು ಬಂದ ಮೇಲೆ

ನಾಲ್ಕು ವರ್ಷದ ಮಗು ಒಡಿಯಾ ಮಾತ್ರ ಬಲ್ಲದು ಅಂದುಕೊಳ್ಳಿ. ಅಜ್ಜಿ ಮನೆಯಲ್ಲಿ ಕನ್ನಡ, ವಿಮಾನ ಇಳಿದ ಮೇಲೆ ಇಂಗ್ಲಿಷ್. ಹೊರಡುವ ಮುಂಚೆ ಸಂಸ್ಥೆಯ ಆಯಾಗಳನ್ನು ಕೂರಿಸಿಕೊಂಡು ಕೇಳಿ: ನೀರಿಗೆ ಏನು ಅನ್ನುತ್ತದೆ, ಬಾತ್‌ರೂಮಿಗೆ ಹೇಗೆ ಕರೆಯುತ್ತದೆ, ಹೇಗೆ ತಟ್ಟಿದರೆ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ. ಹತ್ತಿಪ್ಪತ್ತು ಒಡಿಯಾ ಮಾತು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿಯಿರಿ. ಮಗು ಅಲ್ಲಿ ಹಾಕುತ್ತಿದ್ದ ಒಂದು ಅಂಗಿ, ಹೊದಿಕೆ ಕೊಡುತ್ತಾರಾ ಕೇಳಿ, ಒಗೆಯದೆ ತನ್ನಿ. ಗೊತ್ತಿರುವ ವಾಸನೆ ಇದ್ದರೆ ಮಗುವಿಗೆ ಧೈರ್ಯ.

ಊರಿಗೆ ಕರೆತಂದ ಕೂಡಲೇ ಮಂಟಪ ಹಿಡಿದು ನಾಮಕರಣ ಮಾಡುವ ಆಸೆ ಅಜ್ಜಿಗಿರುತ್ತದೆ. ಸ್ವಲ್ಪ ತಡೆಯಿರಿ. ಮೊದಲ ಕೆಲವು ವಾರ ಎತ್ತಿಕೊಳ್ಳುವುದು, ಉಣಿಸುವುದು, ಮಲಗಿಸುವುದು ಅಪ್ಪ ಅಮ್ಮ ಇಬ್ಬರೇ ಮಾಡಲಿ. ಹತ್ತು ಜನರ ಕೈ ಬದಲಾದರೆ ಯಾರು ತನ್ನವರು ಅಂತ ಮಗುವಿಗೆ ಗೊತ್ತಾಗುವುದಿಲ್ಲ. ನೋಡಲು ಬಂದವರು "ಬಣ್ಣ ಸ್ವಲ್ಪ ಕಮ್ಮಿ", "ಯಾರದಂತೆ?" ಅನ್ನುತ್ತಾರೆ. "ನಮ್ಮ ಮೊಮ್ಮಗಳು" ಅಂತ ಅಜ್ಜಿ ಗಟ್ಟಿಯಾಗಿ ಹೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ದತ್ತು ಅನ್ನುವುದನ್ನು ಮಗುವಿನಿಂದ ಮುಚ್ಚಿಡಬೇಡಿ. ಮಾತು ತಿಳಿಯುವ ಮುಂಚಿನಿಂದಲೇ ಕತೆಯಾಗಿ ಹೇಳುತ್ತಾ ಬನ್ನಿ. ಮದುವೆ ಮನೆಯಲ್ಲಿ ಯಾವುದೋ ನೆಂಟರ ಬಾಯಿಂದ ಕೇಳುವುದು ಬೇಡ.

ಹೊರದೇಶಕ್ಕೆ ಹೋದ ಮೇಲೆ 2 ವರ್ಷ ಏಜೆನ್ಸಿ ಮಗುವಿನ ವರದಿ ಕಳಿಸುತ್ತದೆ. ಮೊದಲ ವರ್ಷ 3 ತಿಂಗಳಿಗೊಂದು, ಎರಡನೇ ವರ್ಷ 6 ತಿಂಗಳಿಗೊಂದು. ಮನೆ ಬದಲಾಯಿಸಿದರೆ, ಬೇರೆ ಊರಿಗೆ ಹೋದರೆ ತಿಳಿಸಿ. ಹೊಂದಿಕೊಳ್ಳುವುದು ಕಷ್ಟವಾಗುತ್ತಿದ್ದರೆ ಆ ಭೇಟಿಯಲ್ಲೇ ಹೇಳಿ, ಸಲಹೆಗಾರರ ನೆರವು ಸಿಗುತ್ತದೆ. ಅಮೆರಿಕದ ಪ್ರಜೆಯ ಮಗು, ದತ್ತು ಇಲ್ಲೇ ಮುಗಿದ ಮಕ್ಕಳಿಗೆ ಕೊಡುವ ಐಎಚ್‌-3 ವೀಸಾದಲ್ಲಿ ಹೋಗಿ ಅವರ ಜೊತೆ ವಾಸಕ್ಕೆ ಇಳಿದರೆ ಪೌರತ್ವ ತಾನಾಗಿ ಬರುತ್ತದೆ. ಆದರೂ ಪ್ರಮಾಣಪತ್ರ, ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಬಿಡಬೇಡಿ.

ಅಧ್ಯಯನ ವರದಿ, ಡಿಸಿ ಆದೇಶ, ಸಂಸ್ಥೆಯ ವಿಳಾಸ, ಎಲ್ಲದರ ಒಂದು ಸೆಟ್ ಊರಿನ ಮನೆಯಲ್ಲೂ ಇಡಿ. ಮಗು 18 ದಾಟಿದ ಮೇಲೆ ತನ್ನ ಮೂಲ ತಿಳಿಯಲು ಕಾರಾಗೆ ತಾನೇ ಅರ್ಜಿ ಹಾಕಬಹುದು, ಅದಕ್ಕೂ ಮೊದಲಾದರೆ ದತ್ತು ಹೆತ್ತವರ ಜೊತೆ ಸೇರಿ ಹಾಕಬೇಕು. ಆಗ ಈ ಫೈಲೇ ಬೇಕಾಗುತ್ತದೆ.